ಬೆವರು, ಸೀಟು, ಚೈನು: ಸೈಕಲ್ಲಿಗೂ ಆಫೀಸಿಗೂ ಒಂದೇ ಬಟ್ಟೆ

ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ ಆರೇಳು ಕಿಲೋಮೀಟರ್ ದೂರವಿರುವವರು ಸೈಕಲ್ ಹತ್ತದಿರಲು ಕೊಡುವ ಕಾರಣಗಳಲ್ಲಿ ಟ್ರಾಫಿಕ್ಕಿನ ನಂತರ ಬರುವುದು ಬಟ್ಟೆ. ಬೆವರಿನ ಅಂಗಿಯಲ್ಲಿ ಮೀಟಿಂಗಿಗೆ ಕೂರುವುದು ಹೇಗೆ, ಪ್ಯಾಂಟಿಗೆ ಚೈನಿನ ಎಣ್ಣೆ ಮೆತ್ತಿದರೆ ಏನು ಗತಿ? ಪ್ರಶ್ನೆಗಳು ಸರಿಯಾಗಿಯೇ ಇವೆ. ಆದರೆ ಉತ್ತರ ಹುಡುಕಿಕೊಂಡು ಎಲ್ಲರೂ ಹೋಗುವುದು ಬಟ್ಟೆ ಅಂಗಡಿಗೆ. ಅಲ್ಲಿ ಸಿಗುವುದು ಅರ್ಧ ಉತ್ತರ. ಉಳಿದರ್ಧ ಸೈಕಲ್ಲಿನಲ್ಲೇ ಇದೆ. ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್, ಸೀಟಿನ ಎತ್ತರ, ತುಳಿಯುವ ವೇಗ ಇವಿಷ್ಟು ಸರಿಯಿದ್ದರೆ ಬೀರುವಿನಲ್ಲಿ ಈಗಾಗಲೇ ಇರುವ ಬಟ್ಟೆಗಳಲ್ಲಿ ಬಹುಪಾಲು ಸೈಕಲ್ಲಿಗೂ ಸಲ್ಲುತ್ತವೆ. ಇವು ಕೆಟ್ಟಿದ್ದರೆ ಎಷ್ಟು ದುಬಾರಿ ಪ್ಯಾಂಟಾದರೂ ಆರು ತಿಂಗಳಲ್ಲಿ ತೊಡೆಸಂದಿನಲ್ಲಿ ಬಾಯಿಬಿಡುತ್ತದೆ.

ಈ ತಲೆನೋವು ಇಂದಿನದಲ್ಲ. 1895ರಲ್ಲಿ ಲಂಡನ್ನಿನ ಅಲಿಸ್ ಬೈಗ್ರೇವ್ ಎಂಬ ದರ್ಜಿ ಹೆಂಗಸರ ಸೈಕಲ್ ಲಂಗಕ್ಕೆ ಪೇಟೆಂಟ್ ಪಡೆದರು. ಲಂಗದ ಮುಂದಿನ ಮತ್ತು ಹಿಂದಿನ ಹೊಲಿಗೆಯೊಳಗೆ ದಾರ ಮತ್ತು ರಾಟೆ ಅಡಗಿಸಿಟ್ಟು, ಸೈಕಲ್ ಹತ್ತುವಾಗ ಎತ್ತಿ ಕಟ್ಟುವಂತೆ, ಇಳಿದಾಗ ಮೊದಲಿನಂತೆ ಉದ್ದ ಬಿಡುವಂತೆ ಮಾಡಿದ ಯುಕ್ತಿ ಅದು. ನಮ್ಮ ಕಾಲಕ್ಕೆ ಬಂದರೆ, 2008ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ ಔಟ್‌ಲಿಯರ್ ಕಂಪನಿ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರ ಪ್ಯಾಂಟಿನಿಂದಲೇ ಹೆಸರು ಮಾಡಿತು. 2011ರಲ್ಲಿ ಲೀವೈಸ್ 'ಕಮ್ಯೂಟರ್' ಎಂಬ ಸಾಲು ತಂದಿತು: ಕಾಲಿನ ಅಂಚು ಮಡಚಿದರೆ ಒಳಗಡೆ ಬೆಳಕಿಗೆ ಹೊಳೆಯುವ ಪಟ್ಟಿ, ಸೊಂಟದಲ್ಲಿ ಬೀಗ ಸಿಕ್ಕಿಸಲು ಪಟ್ಟಿ. ಇವೆಲ್ಲ ಚಳಿಯ ಊರುಗಳಲ್ಲಿ ಹುಟ್ಟಿದವು. ಅವುಗಳ ಕಟಿಂಗ್ ನಾವು ನಕಲು ಮಾಡಲು ಯೋಗ್ಯ. ದಪ್ಪ ಬಟ್ಟೆ ನಮಗೆ ಬೇಡ.

ಬೆವರಿನ ಲೆಕ್ಕ

ಸೈಕಲ್ ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಕಾಲು ಭಾಗ, ಅಥವಾ ಅದಕ್ಕೂ ತುಸು ಕಡಿಮೆ. ಮಿಕ್ಕಿದ್ದೆಲ್ಲ ಶಾಖವಾಗುತ್ತದೆ. ಅದನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆರುವಾಗ ಸುಮಾರು 2.4 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಆರದೆ ಬಟ್ಟೆಗೆ ಇಳಿದ ಬೆವರಿನಿಂದ ದೇಹ ಅಷ್ಟು ತಣ್ಣಗಾಗುವುದಿಲ್ಲ, ಬಟ್ಟೆ ಮಾತ್ರ ಒದ್ದೆ.

ಇಲ್ಲಿ ವೇಗ ಬಹಳ ಮುಖ್ಯ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸೈಕಲ್ಲೂ ಸವಾರರೂ ಸೇರಿ 90 ಕಿಲೋ, ಬೆನ್ನು ನೆಟ್ಟಗೆ ಇಟ್ಟು ಕೂತ ಭಂಗಿ, ಸಮತಟ್ಟು ರಸ್ತೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 18 ಕಿಲೋಮೀಟರ್ ವೇಗಕ್ಕೆ ಪೆಡಲಿನಲ್ಲಿ ಸುಮಾರು 70 ವ್ಯಾಟ್ ಬೇಕು. 24 ಕಿಲೋಮೀಟರ್ ವೇಗಕ್ಕೆ 130 ವ್ಯಾಟ್ ಆಸುಪಾಸು. ಎಂಟು ಕಿಲೋಮೀಟರ್ ದಾರಿಗೆ ಮೊದಲನೆಯದರಲ್ಲಿ 27 ನಿಮಿಷ, ಎರಡನೆಯದರಲ್ಲಿ 20 ನಿಮಿಷ. ಏಳು ನಿಮಿಷ ಉಳಿಸಲು ನಿಮಿಷಕ್ಕೆ ಹುಟ್ಟುವ ಶಾಖವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಂಡಂತಾಯಿತು. ಆಮೇಲೆ ಬಾತ್‌ರೂಮಿನಲ್ಲಿ ಬೆವರು ಆರಿಸಿಕೊಳ್ಳಲು ಹದಿನೈದು ನಿಮಿಷ ನಿಲ್ಲಬೇಕು, ಅದು ಬೇರೆ.

ಬೆಂಗಳೂರಿನ ಬೆಳಗಿನ ಹವೆ ಇದಕ್ಕೆ ಅನುಕೂಲವಾಗಿದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲೂ ಎಂಟು ಗಂಟೆಯ ಒಳಗೆ ಹೊರಟರೆ ಬಿಸಿಲು ಅಷ್ಟು ಸುಡುವುದಿಲ್ಲ. ತೊಂದರೆ ಕೊಡುವುದು ಏರಿಳಿತ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಮೇಲೆ ಹರಡಿದ ಊರಿದು, ಕಣಿವೆ ದಾಟುವ ಯಾವ ದಾರಿಯಲ್ಲೂ ಒಂದು ಏರು ಇದ್ದೇ ಇರುತ್ತದೆ. ಏರಿನಲ್ಲಿ ವೇಗ ಕಡಿಮೆ, ಆದ್ದರಿಂದ ಗಾಳಿಯೂ ಕಡಿಮೆ. ಶ್ರಮ ಮಾತ್ರ ಹೆಚ್ಚು. ಅಂಗಿ ಒದ್ದೆಯಾಗುವುದು ಇಲ್ಲಿಯೇ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಕಾಲು ಬೇಗಬೇಗ ತಿರುಗಿಸುತ್ತ ನಿಧಾನಕ್ಕೆ ಹತ್ತಿ. ನಕ್ಷೆಯಲ್ಲಿ ಒಂದು ಕಿಲೋಮೀಟರ್ ಸುತ್ತಾದರೂ ಏರು ಸಣ್ಣದಿರುವ ದಾರಿಯಿದ್ದರೆ ಬೆಳಿಗ್ಗೆ ಅದು, ಸಂಜೆಗೆ ನೇರದಾರಿ.

ಎಷ್ಟೋ ಜನಕ್ಕೆ ಅರ್ಥವಾಗದ ಸಂಗತಿ ಇನ್ನೊಂದಿದೆ. ದಾರಿಯುದ್ದಕ್ಕೂ ಒಣಗಿಯೇ ಇದ್ದ ಬೆನ್ನು ಲಿಫ್ಟಿನಲ್ಲಿ ನಿಂತ ತಕ್ಷಣ ಒದ್ದೆಯಾಗುತ್ತದೆ. ಸೈಕಲ್ ಮೇಲಿದ್ದಾಗ ಎದುರುಗಾಳಿ ಬೆವರನ್ನು ಹುಟ್ಟಿದ ಹಾಗೇ ಆರಿಸುತ್ತಿರುತ್ತದೆ. ಇಳಿದ ಕೂಡಲೇ ಗಾಳಿ ನಿಂತಿತು, ದೇಹದೊಳಗಿನ ಶಾಖ ನಿಲ್ಲಲಿಲ್ಲ. ಮೊದಲ ಹತ್ತು ನಿಮಿಷ ಬೆವರು ಹರಿಯುತ್ತಲೇ ಇರುತ್ತದೆ. ಬಂದವರೇ ಗಡಿಬಿಡಿಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡರೆ ಎರಡನೇ ಅಂಗಿಯೂ ಹೋಯಿತು. ಕೊನೆಯ ಒಂದು ಕಿಲೋಮೀಟರ್ ಆರಾಮಾಗಿ ತುಳಿದು, ಬೀಗ ಹಾಕಿ, ಮೆಟ್ಟಿಲ ಬಳಿ ಗಾಳಿಯಾಡುವ ಕಡೆ ಹತ್ತು ನಿಮಿಷ ನಿಂತು, ಆಮೇಲೆ ಒದ್ದೆ ಕರವಸ್ತ್ರದಲ್ಲಿ ಮುಖ, ಕತ್ತಿನ ಹಿಂಭಾಗ, ಕಂಕುಳು, ಬೆನ್ನು ಒರೆಸಿ, ಒಣ ಟವೆಲಿನಲ್ಲಿ ಒತ್ತಿ, ಕೊನೆಗೆ ಅಂಗಿ. ಈ ಕ್ರಮ ತಪ್ಪಬಾರದು. ಷವರ್ ಇಲ್ಲದ ಆಫೀಸಿನಲ್ಲೂ ಇದು ಸಾಕಾಗುತ್ತದೆ, ಏಕೆಂದರೆ ಹೊಸ ಬೆವರಿಗೆ ಅಷ್ಟೇನೂ ವಾಸನೆಯಿಲ್ಲ. ಚರ್ಮದ ಮೇಲೂ ಬಟ್ಟೆಯಲ್ಲೂ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಏಳುತ್ತದೆ. ಬೆಳಿಗ್ಗೆ ಸ್ನಾನ ಮಾಡಿ ಹೊರಟವರಿಗೆ ಒಂದೆರಡು ಗಂಟೆಯಾದರೂ ವ್ಯವಧಾನ ಇರುತ್ತದೆ.

ಬೆನ್ನ ಮೇಲಿನ ಬ್ಯಾಗು ಇಳಿಯಲಿ

ಅಂಗಿಯ ಬೆನ್ನು ತೊಯ್ಯುವುದಕ್ಕೆ ಲ್ಯಾಪ್‌ಟಾಪ್ ಬ್ಯಾಗಿನಷ್ಟು ದೊಡ್ಡ ಕಾರಣ ಬೇರೊಂದಿಲ್ಲ. ಬ್ಯಾಗು ಬೆನ್ನಿಗೆ ಅಂಟಿದ ಜಾಗದಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿ ಯಾವ ಬಟ್ಟೆಯೂ, ಎಷ್ಟೇ ಬೆಲೆಯದಾದರೂ, ಒಣಗಿರುವುದಿಲ್ಲ. ಬ್ಯಾಗಿನ ಪಟ್ಟಿ ಭುಜದಲ್ಲಿ ಅಂಗಿಯನ್ನು ಸುಕ್ಕುಗಟ್ಟಿಸುತ್ತದೆ, ವರ್ಷ ಕಳೆಯುವುದರೊಳಗೆ ಅಲ್ಲೇ ಬಣ್ಣ ಮಾಸಿ ದಾರ ಏಳುತ್ತದೆ.

ಸೈಕಲ್ಲಿಗೆ ಹಿಂದಿನ ಕ್ಯಾರಿಯರ್ ಹಾಕಿಸಿ ಪಕ್ಕಕ್ಕೆ ತೂಗುವ ಪ್ಯಾನಿಯರ್ ಚೀಲ ಸಿಕ್ಕಿಸಿ. ಬಟ್ಟೆಗೆಂದು ಎತ್ತಿಟ್ಟ ಹಣದಲ್ಲಿ ಮೊದಲ ಖರ್ಚು ಇದಾಗಲಿ. ಚೀಲ ಕೊಳ್ಳುವಾಗ ಎರಡು ನೋಡಿ: ಕೊಕ್ಕೆಗೆ ಕೆಳಗಿನಿಂದ ಕಚ್ಚುವ ಬೀಗ ಇರಬೇಕು, ಇಲ್ಲವಾದರೆ ರಸ್ತೆಯ ಗುಂಡಿಯಲ್ಲಿ ಸೈಕಲ್ ಕುಪ್ಪಳಿಸಿದಾಗ ಚೀಲ ಕಳಚಿ ಬೀಳುತ್ತದೆ, ಕ್ಯಾರಿಯರ್ ಮೇಲೆ ಚೀಲವನ್ನು ಸಾಕಷ್ಟು ಹಿಂದಕ್ಕೆ ಸರಿಸಲು ಆಗಬೇಕು, ಆಗದಿದ್ದರೆ ಹಿಮ್ಮಡಿ ಪ್ರತಿ ಸುತ್ತಿಗೂ ತಗಲುತ್ತದೆ. ಲ್ಯಾಪ್‌ಟಾಪ್ ದಪ್ಪ ಸ್ಲೀವಿನೊಳಗೆ, ಬಟ್ಟೆಯ ಮಗ್ಗುಲಿಗೆ ನಿಲ್ಲಲಿ. ಚೀಲದ ತಳಕ್ಕೆ ತಾಗಬಾರದು.

ಇಸ್ತ್ರಿ ಅಂಗಿ ಒಯ್ಯುವುದಕ್ಕೂ ಒಂದು ಕ್ರಮವಿದೆ. ಗುಂಡಿ ಹಾಕಿ, ಮುಖ ಕೆಳಗೆ ಮಾಡಿ ಹಾಸಿ, ಎರಡೂ ತೋಳುಗಳನ್ನು ಬೆನ್ನಿಗೆ ಮಡಚಿ. ಎ4 ಅಳತೆಯ ರಟ್ಟು ಅಥವಾ ಪ್ಲಾಸ್ಟಿಕ್ ಫೈಲನ್ನು ಕಾಲರಿನ ಕೆಳಗೆ ಇಟ್ಟು ಅದರ ಅಗಲಕ್ಕೆ ಪಕ್ಕಗಳನ್ನು, ಕೊನೆಗೆ ಕೆಳಗಿನಿಂದ ಮೇಲಕ್ಕೆ ಮಡಚಿದರೆ ರೆಡಿಮೇಡ್ ಅಂಗಡಿಯಲ್ಲಿ ಇಟ್ಟ ಹಾಗೆ ಕೂರುತ್ತದೆ. ಇಷ್ಟು ರಗಳೆ ಬೇಡ ಎನ್ನುವವರು ಸೋಮವಾರ ಐದು ಅಂಗಿ ಒಯ್ದು ಆಫೀಸಿನ ಡ್ರಾಯರಿನಲ್ಲಿಟ್ಟು ಶುಕ್ರವಾರ ಕೊಳೆಬಟ್ಟೆ ತರಬಹುದು.

ಯಾವ ಬಟ್ಟೆ

ಬಟ್ಟೆ ಎಷ್ಟು ತೇವ ಹೀರುತ್ತದೆ ಎಂಬುದಕ್ಕೆ ಜವಳಿಯವರ ಬಳಿ ಒಂದು ಅಳತೆಯಿದೆ: ಸಾಧಾರಣ ಹವೆಯಲ್ಲಿ, ಒಣಗಿದ್ದಾಗಲೂ, ನೂಲು ತನ್ನೊಳಗೆ ಇಟ್ಟುಕೊಂಡಿರುವ ನೀರಿನ ಪಾಲು. ಹತ್ತಿಗೆ ಇದು ಸುಮಾರು 8 ಶೇಕಡಾ, ಉಣ್ಣೆಗೆ 16ರ ಹತ್ತಿರ, ನೈಲಾನಿಗೆ 4, ಪಾಲಿಯೆಸ್ಟರಿಗೆ 1ಕ್ಕೂ ಕಡಿಮೆ. ಹತ್ತಿ ಬೆವರನ್ನು ಹೀರುತ್ತದೆ, ಹೀರಿದ್ದನ್ನು ಬಿಡಲು ತಡಮಾಡುತ್ತದೆ, ಒದ್ದೆಯಾಗಿ ಮೈಗಂಟುತ್ತದೆ. ಪಾಲಿಯೆಸ್ಟರ್ ಹೀರುವುದಿಲ್ಲ, ಎಳೆಗಳ ನಡುವಿನ ಸಂದಿನಲ್ಲಿ ಬೆವರು ಹರಡಿ ಬೇಗ ಆರುತ್ತದೆ. ಆದರೆ ಚರ್ಮದ ಜಿಡ್ಡು ಅದಕ್ಕೆ ಕಚ್ಚಿಕೊಳ್ಳುವುದರಿಂದ ವಾಸನೆ ಬಿಡಿಸುವುದು ಕಷ್ಟ. ಮೆರಿನೊ ಉಣ್ಣೆ ತೇವವನ್ನು ಎಳೆಯ ಒಳಕ್ಕೇ ತೆಗೆದುಕೊಳ್ಳುವುದರಿಂದ ಮೇಲ್ಮೈ ಒಣಗಿದಂತಿರುತ್ತದೆ, ವಾಸನೆಯೂ ಕಡಿಮೆ. ಬೆಲೆ ಮಾತ್ರ ಕೈ ಸುಡುತ್ತದೆ, ಸೀಟಿಗೆ ಉಜ್ಜುವ ಜಾಗದಲ್ಲಿ ತೆಳು ಮೆರಿನೊ ಬೇಗ ತೂತಾಗುತ್ತದೆ. ಒಳಗಿನ ಬನಿಯನ್ನಿಗೆ ಸರಿ, ಪ್ಯಾಂಟಿಗೆ ಅಲ್ಲ.

ಹತ್ತು ಕಿಲೋಮೀಟರಿನೊಳಗಿನ ದಾರಿಗೆ ನೂಲಿಗಿಂತ ನೇಯ್ಗೆ ಮುಖ್ಯ ಎಂಬುದು ನಮ್ಮ ಅಭಿಪ್ರಾಯ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಬೆಳಕು ಕಂಡರೆ ಗಾಳಿಯೂ ಹೋಗುತ್ತದೆ. ಸಡಿಲ ನೇಯ್ಗೆಯ ಖಾದಿ ಅರ್ಧತೋಳಿನ ಅಂಗಿ, ಇನ್‌ಶರ್ಟ್ ಮಾಡದೆ ಬಿಟ್ಟರೆ, ಬಿಗಿ ನೇಯ್ಗೆಯ 'ಕ್ವಿಕ್ ಡ್ರೈ' ಅಂಗಿಗಿಂತ ಬೆಳಗಿನ ಸವಾರಿಗೆ ಹಿತ. ಸುಕ್ಕು ಬೀಳುತ್ತದೆ, ಖಾದಿಯಲ್ಲಿ ಸುಕ್ಕನ್ನು ಯಾರೂ ಲೆಕ್ಕಿಸುವುದಿಲ್ಲ. ಸುಕ್ಕು ಸಹಿಸದ ಆಫೀಸಾದರೆ ಹತ್ತಿ–ಪಾಲಿಯೆಸ್ಟರ್ ಮಿಶ್ರಣ, ಚದರ ಮೀಟರಿಗೆ 110ರಿಂದ 130 ಗ್ರಾಂ ತೂಕದ್ದು.

ಬಣ್ಣದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ತಿಳಿ ಬೂದು, ತಿಳಿ ನೀಲಿ, ಖಾಕಿ ಇವುಗಳಲ್ಲಿ ಒದ್ದೆ ಕಲೆ ದೂರದಿಂದಲೇ ಕಾಣುತ್ತದೆ. ಬಿಳಿ, ಕಡುನೀಲಿ, ಕಪ್ಪು, ಸಣ್ಣ ಚೌಕಳಿ ಇವುಗಳಲ್ಲಿ ಕಾಣುವುದಿಲ್ಲ. ಕಪ್ಪಿನ ಮೇಲೆ ಮಾತ್ರ ಬೆವರು ಆರಿದ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯಬಹುದು.

ಎಲ್ಲಕ್ಕಿಂತ ಅಗ್ಗದ ಉಪಾಯ ಬನಿಯನ್. ಐದು ಕಿಲೋಮೀಟರಿನೊಳಗೆ ಅಂಗಿ ಬದಲಿಸುವ ಅಗತ್ಯವೇ ಬರದಿರಬಹುದು: ಅಂಗಿಯ ಒಳಗೆ ಹತ್ತಿ ಬನಿಯನ್ ಹಾಕಿ ತುಳಿಯಿರಿ, ಮೇಲಿನ ಎರಡು ಗುಂಡಿ ಬಿಚ್ಚಿರಲಿ, ತಲುಪಿದ ಮೇಲೆ ಒದ್ದೆ ಬನಿಯನ್ ತೆಗೆದು ಒಣಗಿದ್ದನ್ನು ಹಾಕಿಕೊಳ್ಳಿ. ಬೆವರೆಲ್ಲ ಅದರಲ್ಲೇ ಉಳಿದು ಅಂಗಿ ಬಚಾವಾಗಿರುತ್ತದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಬಟ್ಟೆ, ಒಯ್ಯುವುದೂ ಸುಲಭ.

ಪ್ಯಾಂಟು: ದರ್ಜಿಯ ಬಳಿ ಹೇಳಬೇಕಾದದ್ದು

ಅಂಗಿ ಬೆವರಿನಿಂದ ಕೆಟ್ಟರೆ ಪ್ಯಾಂಟು ಕೆಡುವುದು ಘರ್ಷಣೆಯಿಂದ. ಮಾಮೂಲಿ ಪ್ಯಾಂಟಿನಲ್ಲಿ ನಾಲ್ಕು ಹೊಲಿಗೆಗಳು ತೊಡೆಸಂದಿನಲ್ಲಿ ಒಂದೇ ಬಿಂದುವಿಗೆ ಬಂದು ಸೇರುತ್ತವೆ: ಮುಂದಿನದು, ಹಿಂದಿನದು, ಎರಡು ಕಾಲುಗಳ ಒಳಹೊಲಿಗೆ. ಆ ಗಂಟು ಕೂರುವುದು ಸರಿಯಾಗಿ ಸೀಟಿನ ಮೂಗಿನ ಮೇಲೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಅರ್ಧ ಗಂಟೆಯಲ್ಲಿ ಒಂದೊಂದು ತೊಡೆಯೂ ಅಲ್ಲಿ 1,800 ಸಲ ಉಜ್ಜಿರುತ್ತದೆ. ಹತ್ತಿಯ ಚೀನೋಸ್ ಮೊದಲು ತೆಳ್ಳಗಾಗಿ ಆಮೇಲೆ ಹರಿಯುತ್ತದೆ. ಪಾಲಿ-ವಿಸ್ಕೋಸ್ ಪ್ಯಾಂಟು ಹರಿಯುವ ಮೊದಲು ಕುಂಡೆಯ ಮೇಲೆ ಹೊಳಪು ಬರುತ್ತದೆ: ಎಳೆಗಳು ಚಪ್ಪಟೆಯಾಗಿ ಬೆಳಕನ್ನು ತಿರುಗಿಸುತ್ತವೆ. ಆ ಹೊಳಪು ಒಗೆದರೆ ಹೋಗುವಂಥದ್ದಲ್ಲ. ಜೀನ್ಸಿನ ದಪ್ಪ ಒಳಹೊಲಿಗೆ ಚರ್ಮವನ್ನೇ ಉಜ್ಜುತ್ತದೆ, ಹಿಂದಿನ ಜೇಬಿನ ರಿವಿಟ್ಟು ಸೀಟನ್ನು ಗೀಚುತ್ತದೆ.

ಸಿದ್ಧ ಉಡುಪಿನ ಅಂಗಡಿಯಲ್ಲಿ ಇದಕ್ಕೆ ಪರಿಹಾರ ಸಿಗುವುದು ಅಪರೂಪ. ನಮ್ಮ ಬೀದಿಗಳಲ್ಲಿ ಅಳತೆಗೆ ಹೊಲಿಯುವ ದರ್ಜಿಗಳು ಇನ್ನೂ ಇದ್ದಾರಲ್ಲ, ಈ ಕೆಲಸಕ್ಕೆ ಅವರೇ ಸರಿ. ಚಿಕ್ಕಪೇಟೆಯ ಅಂಗಡಿಯಲ್ಲೋ ನಿಮ್ಮ ಊರಿನ ಜವಳಿ ಅಂಗಡಿಯಲ್ಲೋ 58 ಇಂಚು ಅಗಲದ ಬಟ್ಟೆಯನ್ನು ಮಾಮೂಲಿಗಿಂತ ಕಾಲು ಮೀಟರ್ ಹೆಚ್ಚಿಗೆ ತೆಗೆದುಕೊಳ್ಳಿ. ತೂಕ ಚದರ ಮೀಟರಿಗೆ 240ರಿಂದ 260 ಗ್ರಾಂ, ಅದರಲ್ಲಿ 2–3 ಶೇಕಡಾ ಸ್ಟ್ರೆಚ್ ನೂಲು ಇದ್ದರೆ ಮಂಡಿ ಮಡಚುವುದು ಸಲೀಸು. ಸ್ಟ್ರೆಚ್ ಅದಕ್ಕಿಂತ ಬಹಳ ಹೆಚ್ಚಾದರೆ ಮಂಡಿಯಲ್ಲಿ ಬಟ್ಟೆ ಉಬ್ಬಿ ಹಾಗೇ ನಿಂತುಬಿಡುತ್ತದೆ. ಪಾಲಿಯೆಸ್ಟರ್ ಮತ್ತು ಉಣ್ಣೆಯ ಮಿಶ್ರಣವಾದ ಟೆರಿವೂಲ್ ಈಗ ಹಳೆಯ ಫ್ಯಾಷನ್ ಅನ್ನಿಸಿದರೂ ಸೈಕಲ್ಲಿಗೆ ಬಹಳ ಒಳ್ಳೆಯದು: ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಸುಕ್ಕು ತಾನೇ ಬಿಡಿಸಿಕೊಳ್ಳುತ್ತದೆ, ಬೇಗ ಆರುತ್ತದೆ, ನೋಡಲು ಪಕ್ಕಾ ಆಫೀಸಿನ ಪ್ಯಾಂಟು.

ದರ್ಜಿಗೆ "ಸೈಕಲ್ ಪ್ಯಾಂಟ್ ಹೊಲಿಯಿರಿ" ಎಂದರೆ ಚಡ್ಡಿ ಹೊಲಿದಾರು. ಬಿಡಿಸಿ ಹೇಳಬೇಕು. "ಮಾಸ್ಟರ್, ಹಿಂದೆ ಬೆಲ್ಟ್ ಪಟ್ಟಿ ಒಂದಿಂಚು ಮೇಲೆ ಬರಲಿ" ಎಂಬುದು ಮೊದಲ ಮಾತು. ಹ್ಯಾಂಡಲಿಗೆ ಬಾಗಿದಾಗ ಹಿಂಬದಿ ಪ್ಯಾಂಟು ಕೆಳಗೆ ಜಾರಿ ಅಂಗಿ ಹೊರಬಂದು ಸೊಂಟ ಕಾಣುತ್ತದೆ, ಈ ಒಂದಿಂಚು ಅದಕ್ಕೆ. ಬೆಲ್ಟ್ ಪಟ್ಟಿಯ ಎರಡು ಪಕ್ಕಗಳಲ್ಲಿ ಒಳಗಡೆ ಎರಡೆರಡು ಇಂಚು ಎಲಾಸ್ಟಿಕ್ ಇಟ್ಟರೆ ಬಾಗಿದಾಗ ಹೊಟ್ಟೆಗೆ ಒತ್ತುವುದಿಲ್ಲ.

ಎರಡನೆಯದು ತೊಡೆಸಂದು. ನಾಲ್ಕು ಹೊಲಿಗೆ ಸೇರುವ ಜಾಗದಲ್ಲಿ ಅದೇ ಬಟ್ಟೆಯ ವಜ್ರಾಕಾರದ ತುಂಡೊಂದನ್ನು ಕೂರಿಸಲು ಹೇಳಿ: ಅಗಲ ನಾಲ್ಕು ಇಂಚು, ಉದ್ದ ಎಂಟರಿಂದ ಹತ್ತು ಇಂಚು, ಉದ್ದನೆಯ ತುದಿಗಳು ಎರಡು ತೊಡೆಗಳ ಕಡೆಗೆ. ಆಗ ಹೊಲಿಗೆಗಳು ಒಂದೇ ಬಿಂದುವಿಗೆ ಬರದೆ ಪಕ್ಕಕ್ಕೆ ಸರಿಯುತ್ತವೆ, ಕಾಲು ಅಗಲಿಸಿದರೆ ಎಳೆಯುವುದಿಲ್ಲ. ಹಳೆಯ ಮಾದರಿಯ ಪೈಜಾಮ ಹೊಲಿದು ಗೊತ್ತಿರುವ ದರ್ಜಿಗೆ ಇದು ಹೊಸದೇನಲ್ಲ. ಹೊಲಿಗೆಯ ಅಂಚು ಒಳಗೆ ಮಡಚಿ ಚಪ್ಪಟೆಯಾಗಿ ಎರಡು ಸಾಲು ಹಾಕಬೇಕು. ಓವರ್‌ಲಾಕ್ ಮಾಡಿ ಹಾಗೇ ಬಿಟ್ಟ ಅಂಚು ಮೈಗೆ ಒರೆಯುತ್ತದೆ. ಹೊಲಿಗೆಗೆ ಪಾಲಿಯೆಸ್ಟರ್ ದಾರವೇ ಇರಲಿ, ಹತ್ತಿ ದಾರ ಬೆವರಿಗೆ ಬೇಗ ಲಡ್ಡಾಗುತ್ತದೆ. ತುಂಡಿನ ಒಳಬದಿಗೆ ಅಸ್ತರಿನ ಬಟ್ಟೆ ಕೊಡಿಸಿದರೆ ಮೇಲಿನ ಬಟ್ಟೆ ಸವೆದಾಗ ತಕ್ಷಣ ತೂತು ಬೀಳುವುದಿಲ್ಲ.

ಮೂರನೆಯದು ಕಾಲು. ತೊಡೆಯಲ್ಲಿ ಒಂದಿಂಚು ಸಡಿಲ, ಕೆಳಗೆ ಬಾಟಮ್ ಸುತ್ತಳತೆ 13ರಿಂದ 14 ಇಂಚು. ಇದಕ್ಕಿಂತ ಅಗಲವಾದರೆ ಬಲಗಾಲು ಚೈನ್ ವೀಲಿಗೆ ತಾಗುತ್ತದೆ, ಇನ್ನೂ ಬಿಗಿಯಾದರೆ ಮಂಡಿ ಮಡಚಿದಾಗ ಮೀನಖಂಡಕ್ಕೆ ಸಿಕ್ಕಿಕೊಳ್ಳುತ್ತದೆ. ಉದ್ದ ಅಳೆಯುವಾಗ ನಿಂತು ಮಾತ್ರ ಅಳೆಸಬೇಡಿ. ಸ್ಟೂಲಿನ ಮೇಲೆ ಒಂದು ಕಾಲಿಟ್ಟು ಮಂಡಿ ಪೂರ್ತಿ ಮಡಚಿ ನೋಡಿ.

ಹಿಂದಿನ ಜೇಬಿಗೆ ಗುಂಡಿ ಹಾಕಿಸಬಹುದು, ಆದರೆ ಪರ್ಸನ್ನು ಅಲ್ಲಿಟ್ಟು ತುಳಿಯಬೇಡಿ. ಮೊಬೈಲ್ ಮುಂದಿನ ಜೇಬಿನಲ್ಲಿದ್ದರೆ ಪ್ರತಿ ಸುತ್ತಿಗೂ ತೊಡೆಯ ಬುಡಕ್ಕೆ ಒತ್ತುತ್ತದೆ, ಅದರ ಅಚ್ಚೇ ಬಟ್ಟೆಯ ಮೇಲೆ ಮೂಡುತ್ತದೆ.

ಒಳಚಡ್ಡಿಯನ್ನು ಎಲ್ಲರೂ ಮರೆಯುತ್ತಾರೆ. ಅರ್ಧ ಗಂಟೆ ಮೀರಿದ ದಾರಿಯಲ್ಲಿ ನೋವು ಬರುವುದು ಪ್ಯಾಂಟಿನಿಂದಲ್ಲ, ಅದರೊಳಗಿನ ಎಲಾಸ್ಟಿಕ್ ಅಂಚಿನಿಂದ. ನಡುವೆ ಹೊಲಿಗೆಯಿಲ್ಲದ, ತೊಡೆಯ ಅರ್ಧದವರೆಗೆ ಬರುವ ಟ್ರಂಕ್ ಮಾದರಿ ಒಳ್ಳೆಯದು. ಹದಿನೈದು ಕಿಲೋಮೀಟರ್ ದಾಟಿದರೆ ಪ್ಯಾಡ್ ಇರುವ ತೆಳು ಚಡ್ಡಿಯನ್ನು ಪ್ಯಾಂಟಿನೊಳಗೆ ಹಾಕಬಹುದು. ಅದರ ಒಳಗೆ ಮತ್ತೊಂದು ಒಳಚಡ್ಡಿ ಹಾಕಬಾರದು, ಹಾಕಿದರೆ ಪ್ಯಾಡ್ ಇದ್ದೂ ಪ್ರಯೋಜನವಿಲ್ಲ. ಆಫೀಸಿಗೆ ತಲುಪಿದ ಮೇಲೆ ಅದರಲ್ಲೇ ಕೂರುವುದೂ ಬೇಡ. ತೇವ ಪ್ಯಾಡಿನಲ್ಲಿ ದಿನವಿಡೀ ಕೂತರೆ ತೊಡೆಸಂದಿನಲ್ಲಿ ಶಿಲೀಂಧ್ರದ ತುರಿಕೆಗೆ ದಾರಿ ಮಾಡಿಕೊಟ್ಟಂತೆ.

ಸೀಟು, ಚೈನು

ಒಳ್ಳೆಯ ಪ್ಯಾಂಟು ಹೊಲಿಸಿಯೂ ಬೇಗ ಸವೆಯುತ್ತಿದ್ದರೆ ಸೀಟು ನೋಡಿ. ಸೀಟು ಅತಿ ಎತ್ತರದಲ್ಲಿದ್ದರೆ ಪೆಡಲ್ ಕೆಳಗಿಳಿದಾಗಲೆಲ್ಲ ಸೊಂಟ ಆ ಬದಿಗೆ ವಾಲುತ್ತದೆ, ಬಟ್ಟೆ ಅಡ್ಡಡ್ಡ ಉಜ್ಜುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅತ್ಯಂತ ಕೆಳಕ್ಕೆ ತಂದಾಗ ಕಾಲು ನೇರವಾಗಬೇಕು, ಸೊಂಟ ಅಲುಗಬಾರದು. ತುಳಿಯುವಾಗ ಮುಂಗಾಲು ಪೆಡಲ್ ಮೇಲೆ ಬರುವುದರಿಂದ ಮಂಡಿ ತುಸು ಬಾಗಿರುತ್ತದೆ, ಅಷ್ಟೇ ಬೇಕು. ಸೀಟಿನ ಅಂಚಿನಲ್ಲಿ ಎದ್ದ ಹೊಲಿಗೆ, ಒರಟು ಬಟ್ಟೆ, ಹರಿದ ರೆಕ್ಸಿನ್ ಇದ್ದರೆ ಅದು ಪ್ಯಾಂಟಿಗೆ ಅರವೇ ಸರಿ. ಮೇಲೆ ಹಾಕುವ ಜೆಲ್ ಕವರ್ ಮೆತ್ತಗೆನಿಸಿದರೂ ಸರಿದಾಡುತ್ತದೆ, ಬಿಸಿಯಾಗುತ್ತದೆ; ನಾವು ಬೇಡವೆನ್ನುತ್ತೇವೆ. ಚರ್ಮದ ಸೀಟು ಮಳೆಯಲ್ಲಿ ನೆನೆದರೆ ಅದರ ಬಣ್ಣ ತಿಳಿ ಪ್ಯಾಂಟಿಗೆ ಇಳಿಯುತ್ತದೆ.

ಚೈನಿಗೆ ಉತ್ತಮ ಉತ್ತರ ನಮ್ಮ ಹಿರಿಯರ ಸೈಕಲ್ಲಿನಲ್ಲೇ ಇತ್ತು. ಹರ್ಕ್ಯುಲಸ್, ಹೀರೋ, ಅಟ್ಲಾಸ್ ಕರಿ ಸೈಕಲ್ಲುಗಳಲ್ಲಿ ಚೈನನ್ನು ಪೂರ್ತಿ ಮುಚ್ಚುವ ಕವರ್ ಇರುವ ಮಾದರಿಗಳಿದ್ದವು. ಪಂಚೆ ಉಟ್ಟವರೂ ನಿಶ್ಚಿಂತೆಯಾಗಿ ತುಳಿದರು. ಹಿಂದಿನ ಚಕ್ರದಲ್ಲಿ ಗೇರು ಬದಲಿಸುವ ಡಿರೇಲರ್ ಬಂದಾಗ ಪೂರ್ತಿ ಕವರ್ ಹಾಕಲು ಆಗದೆ ಹೋಯಿತು. ಈಗಿನ ಗೇರ್ ಸೈಕಲ್ಲಿಗೆ ಚೈನ್ ವೀಲಿನ ಹೊರಗೆ ದುಂಡನೆಯ ಗಾರ್ಡ್ ಸಿಗುತ್ತದೆ, ಅದು ಅಂಚು ಸಿಕ್ಕುವುದನ್ನು ತಪ್ಪಿಸುತ್ತದೆ, ಮಸಿ ತಪ್ಪಿಸುವುದಿಲ್ಲ. ಹೊಸ ಸೈಕಲ್ ಕೊಳ್ಳುವವರು ಗೇರು ಹಿಂದಿನ ಚಕ್ರದ ನಡುವಿನ ಹಬ್‌ನೊಳಗೇ ಇರುವ ಮಾದರಿ ಸಿಕ್ಕರೆ ನೋಡಬಹುದು. ಅದಕ್ಕೆ ಪೂರ್ತಿ ಕವರ್ ಹಾಕಬಹುದು.

ಇಲ್ಲದವರಿಗೆ ಕಾಲ್ಪಟ್ಟಿ. ಹೊಳೆಯುವ ವೆಲ್ಕ್ರೋ ಪಟ್ಟಿಯನ್ನು ಎರಡೂ ಕಾಲಿಗೆ ಸುತ್ತಿಕೊಳ್ಳಿ. ಬಲಗಾಲಿಗೆ ಚೈನಿನ ದೆಸೆಯಿಂದ, ಎಡಗಾಲಿಗೆ ಕತ್ತಲೆಯ ದೆಸೆಯಿಂದ. ಗಾಜಿನ ಸಣ್ಣ ಮಣಿಗಳಿರುವ ಇಂಥ ಪಟ್ಟಿ ಹೆಡ್‌ಲೈಟಿನ ಬೆಳಕನ್ನು ಬಂದ ಕಡೆಗೇ ತಿರುಗಿಸುತ್ತದೆ. ಕಾಲು ಮೇಲೆ ಕೆಳಗೆ ಹೋಗುವುದರಿಂದ ಎದುರು ಹೋಗುತ್ತಿರುವುದು ಸೈಕಲ್ ಎಂದು ಹಿಂದಿನ ಚಾಲಕರಿಗೆ ಒಮ್ಮೆಲೇ ತಿಳಿಯುತ್ತದೆ. ನಿಯಾನ್ ಹಳದಿ ಜಾಕೆಟ್ಟಿನ ಕಥೆ ಬೇರೆ. ಅದು ಹೊಳೆಯುವುದು ಹಗಲಿನ ಬೆಳಕಿನ ನೇರಳಾತೀತ ಕಿರಣದಿಂದ. ರಾತ್ರಿ ಬೀದಿದೀಪದಡಿ ಸಾಮಾನ್ಯ ಹಳದಿ ಬಟ್ಟೆಯೇ. ಅದನ್ನು ನಂಬಿ ಲೈಟಿಲ್ಲದೆ ಹೊರಡಬಾರದು.

ಚೈನಿಗೆ ಕೈಗೆ ಸಿಕ್ಕ ಇಂಜಿನ್ ಆಯಿಲ್ ಸುರಿಯುವ ರೂಢಿ ಪ್ಯಾಂಟಿನ ದೊಡ್ಡ ಶತ್ರು. ಧೂಳು ಅದಕ್ಕೆ ಅಂಟಿ ಕರಿ ಮುದ್ದೆಯಾಗುತ್ತದೆ. ಪ್ರತಿ ಕೊಂಡಿಗೆ ಒಂದೇ ಹನಿ ಚೈನ್ ಲ್ಯೂಬ್ ಬಿಟ್ಟು, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಕೆಲಸ ಮಾಡುವುದು ಕೊಂಡಿಯ ಒಳಗೆ. ಮೇಣದ ಲ್ಯೂಬ್ ಬಳಸಿದರೆ ಇನ್ನೂ ಚೊಕ್ಕಟ, ಆದರೆ ಮಳೆಗೆ ಬೇಗ ತೊಳೆದುಹೋಗುತ್ತದೆ.

ಚೂಡಿದಾರ, ಕುರ್ತಾ, ದುಪಟ್ಟಾ

ಹೆಂಗಸರ ಆಫೀಸ್ ಉಡುಪಿನಲ್ಲಿ ಸೈಕಲ್ಲಿಗೆ ಹೊಂದುವಂಥದ್ದು ಬಹಳ ಇದೆ, ಅಪಾಯಕಾರಿಯಾದದ್ದು ಒಂದೇ: ದುಪಟ್ಟಾ. ಕತ್ತಿಗೆ ಸುತ್ತಿದ ದುಪಟ್ಟಾದ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಒಂದೇ ಕ್ಷಣದಲ್ಲಿ ಕತ್ತನ್ನು ಬಿಗಿಯುತ್ತದೆ. ಗಂಟು ಹಾಕಿ ಸೊಂಟಕ್ಕೆ ಕಟ್ಟುವುದೂ ಭರವಸೆಯ ಉಪಾಯವಲ್ಲ, ಚೀಲದೊಳಗೆ ಹಾಕಿಬಿಡಿ. ಕೊರಳಿನ ಐಡಿ ಕಾರ್ಡಿನ ಪಟ್ಟಿಯೂ ಹಾಗೆಯೇ, ಇದು ಗಂಡಸರಿಗೂ ಸೇರಿ.

ಕುರ್ತಾ ಮಂಡಿಯವರೆಗೆ ಮಾತ್ರ ಇರಲಿ, ಪಕ್ಕದ ಸೀಳು ಸೊಂಟದ ಹತ್ತಿರದವರೆಗೆ ಬರಲಿ. ಸೀಳು ಗಿಡ್ಡವಾದರೆ ಕಾಲು ಎತ್ತಿದಾಗ ಅದರ ತುದಿಯೇ ಮೊದಲು ಹರಿಯುತ್ತದೆ. ಆ ಜಾಗಕ್ಕೆ ಒಂದು ಸಣ್ಣ ಅಡ್ಡ ಹೊಲಿಗೆ ಹಾಕಿಸಿ. ಕೂರುವಾಗ ಹಿಂದಿನ ಪದರವನ್ನು ಮುಂದಕ್ಕೆ ಎಳೆದು ಅದರ ಮೇಲೆ ಕೂತರೆ ಚಕ್ರದ ಕಡೆ ಹಾರುವುದಿಲ್ಲ. ಲೇಡೀಸ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಾಕುವ ಜಾಲರಿಯನ್ನು ಬೇರೆ ಸೈಕಲ್ಲುಗಳಿಗೂ ಹಾಕಿಸಬಹುದು. ಅಗಲ ಪಲಾಜೋಗಿಂತ ಲೆಗ್ಗಿಂಗ್ಸ್, ಸಿಗರೇಟ್ ಪ್ಯಾಂಟು ವಾಸಿ. ಸೀರೆಯನ್ನು ಆಫೀಸಿನಲ್ಲೇ ಉಡುವುದು ಸೂಕ್ತ. ನೆರಿಗೆಯನ್ನು ಮನೆಯಲ್ಲೇ ಇಸ್ತ್ರಿ ಮಾಡಿ ಪಿನ್ ಹಾಕಿ ಮಡಚಿಟ್ಟರೆ ಅಲ್ಲಿ ಉಡಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಬೂಟು, ಚಪ್ಪಲಿಯ ಬಗ್ಗೆ ಹೇಳುವುದು ಸ್ವಲ್ಪವೇ. ಚರ್ಮದ ಸೋಲಿನ ಶೂ ಪೆಡಲ್ ಮೇಲೆ ಜಾರುತ್ತದೆ, ಮೊಳೆಯಿರುವ ಪೆಡಲ್ ಆ ಸೋಲನ್ನು ಕಿತ್ತುಹಾಕುತ್ತದೆ. ಆಫೀಸ್ ಶೂ ಆಫೀಸಿನಲ್ಲೇ ಇರಲಿ, ದಾರಿಗೆ ಕ್ಯಾನ್ವಾಸ್.

ಮಳೆ

ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳ ಮಳೆಯೂ ಸೆಪ್ಟೆಂಬರ್–ಅಕ್ಟೋಬರಿನ ಮಳೆಯೂ ಹೆಚ್ಚಾಗಿ ಸಂಜೆಯ ಹೊತ್ತಿಗೆ ಗುಡುಗಿಕೊಂಡು ಬರುತ್ತವೆ. ಅಂದರೆ ನೆನೆಯುವುದು ಮನೆಗೆ ಮರಳುವಾಗ. ಮನೆಗೆ ಒದ್ದೆಯಾಗಿ ಬಂದರೆ ನಷ್ಟವೇನಿಲ್ಲ. ಕಾಪಾಡಬೇಕಾದದ್ದು ಲ್ಯಾಪ್‌ಟಾಪು, ಮೊಬೈಲು ಮತ್ತು ಕಣ್ಣಿಗೆ ಕಾಣುವ ರಸ್ತೆ. ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಕವರೊಂದು ಸದಾ ಇರಲಿ. ಮಂಗಳೂರು, ಉಡುಪಿ ಕಡೆಯ ಲೆಕ್ಕವೇ ಬೇರೆ. ಜೂನಿನಿಂದ ಮೂರ್ನಾಲ್ಕು ತಿಂಗಳು ಬೆಳಿಗ್ಗೆಯೂ ಮಳೆ, ಮಳೆಯಿಲ್ಲದಾಗ ಸೆಕೆ. ಅಲ್ಲಿ ಆಫೀಸ್ ಬಟ್ಟೆಯಲ್ಲಿ ತುಳಿಯುವ ಆಸೆ ಬಿಟ್ಟು ಚಡ್ಡಿ, ಸ್ಯಾಂಡಲ್ಲಿನಲ್ಲಿ ಹೋಗಿ ಬಟ್ಟೆ ಬದಲಿಸುವುದೇ ಜಾಣತನ.

ರೇನ್‌ಕೋಟಿನ ಚೀಟಿಯಲ್ಲಿ 5,000 ಅಥವಾ 10,000 ಮಿಲಿಮೀಟರ್ ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಜಿನುಗದು ಎಂದರ್ಥ. ಸೈಕಲ್ಲಿಗೆ 5,000 ಸಾಕು. ಹೊಲಿಗೆಯ ಒಳಗಡೆ ಟೇಪ್ ಅಂಟಿಸಿದೆಯೇ ನೋಡಿ, ಇಲ್ಲವಾದರೆ ಆ ಸಂಖ್ಯೆಗೆ ಅರ್ಥವಿಲ್ಲ. ಇನ್ನು 'ಉಸಿರಾಡುವ' ಬಟ್ಟೆ. ಒಳಗಿನ ಹಬೆ ಹೊರಗೆ ಹೋಗುವುದು ಒಳಗೂ ಹೊರಗೂ ಹಬೆಯ ಒತ್ತಡದಲ್ಲಿ ವ್ಯತ್ಯಾಸ ಇದ್ದಾಗ. 22–24 ಡಿಗ್ರಿಯ ಮಳೆಗಾಳಿ ತೇವದಿಂದ ತುಂಬಿರುತ್ತದೆ, ವ್ಯತ್ಯಾಸ ಕಡಿಮೆ, ಹಬೆ ಒಳಗೇ ಉಳಿಯುತ್ತದೆ. ಯುರೋಪಿನ ಚಳಿಮಳೆಗೆ ಮಾಡಿದ ದುಬಾರಿ ಜಾಕೆಟ್ ಇಲ್ಲಿ ಹೊರಗಿನಿಂದ ನೆನೆಯದಿದ್ದರೂ ಒಳಗಿನ ಬೆವರಿನಿಂದ ನೆನೆಸುತ್ತದೆ. ಕಂಕುಳಲ್ಲಿ ಜಿಪ್ ಇರುವ ಸಾದಾ ಜಾಕೆಟ್ಟೋ, ಹ್ಯಾಂಡಲ್ ಮೇಲೆ ಹರಡುವ ಕೇಪೋ ಮೇಲು. ಕೇಪಿನ ಕೆಳಗೆ ಗಾಳಿಯಾಡುತ್ತದೆ, ಪ್ಯಾಂಟಿನ ತೊಡೆಯೂ ಒಣಗಿರುತ್ತದೆ. ಹೆಬ್ಬೆರಳಿಗೆ ಸಿಕ್ಕಿಸುವ ಕುಣಿಕೆ, ಒಳಗಡೆ ಸೊಂಟಕ್ಕೆ ಕಟ್ಟುವ ದಾರ ಎರಡೂ ಇರಬೇಕು. ದಾರವಿಲ್ಲದ ಕೇಪು ಗಾಳಿಗೆ ಎದ್ದು ಚಕ್ರಕ್ಕೆ ಬೀಳುತ್ತದೆ.

ಮಡ್‌ಗಾರ್ಡ್ ಇಲ್ಲದಿದ್ದರೆ ಇದೆಲ್ಲ ವ್ಯರ್ಥ. ಮೇಲಿನ ಮಳೆ ನಿಂತು ಗಂಟೆಯಾದರೂ ರಸ್ತೆಯ ಕೆಸರು ನೀರು ಹಿಂದಿನ ಚಕ್ರದಿಂದ ಎದ್ದು ಪ್ಯಾಂಟಿನಿಂದ ಕಾಲರಿನವರೆಗೆ ಗೆರೆ ಎಳೆಯುತ್ತದೆ. ಚಕ್ರವನ್ನು ಪೂರ್ತಿ ಸುತ್ತುವ ಉದ್ದದ ಮಡ್‌ಗಾರ್ಡ್ ಹಾಕಿಸಿ, ಮುಂದಿನದಕ್ಕೆ ನೆಲದಿಂದ ನಾಲ್ಕು ಬೆರಳು ಎತ್ತರದವರೆಗೆ ಇಳಿಯುವ ರಬ್ಬರ್ ತುಂಡು. ಶೂ ಒದ್ದೆಯಾಗುವುದು ಮುಂದಿನ ಚಕ್ರದ ನೀರಿನಿಂದಲೇ.

ಒಗೆಯುವುದು, ಕಲೆ ತೆಗೆಯುವುದು

ಬೆವರಿನ ಬಟ್ಟೆಯನ್ನು ಚೀಲದಲ್ಲಿ ಮುದುರಿ ಸಂಜೆಯವರೆಗೆ ಇಟ್ಟರೆ ವಾಸನೆ ಕಚ್ಚಿಕೊಳ್ಳುತ್ತದೆ. ಕುರ್ಚಿಯ ಹಿಂದೆ ನೇತುಹಾಕುವುದು ಪಕ್ಕದವರಿಗೆ ಕಷ್ಟ. ಸೈಕಲ್ ನಿಲ್ಲಿಸುವ ಜಾಗದಲ್ಲೋ ಮೆಟ್ಟಿಲ ಕಿಟಕಿಯಲ್ಲೋ ಹರಡಿ. ಪಾಲಿಯೆಸ್ಟರ್ ಬಟ್ಟೆಗೆ ಬಟ್ಟೆ ಮೆದುಗೊಳಿಸುವ ದ್ರವ ಹಾಕಬಾರದು: ಅದು ಎಳೆಗಳ ಮೇಲೆ ಪದರ ಕಟ್ಟಿ ಬೆವರು ಹರಡದಂತೆ ಮಾಡುತ್ತದೆ. ವಾಸನೆ ಹಿಡಿದ ಬಟ್ಟೆಯನ್ನು ಒಂದು ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿಟ್ಟು ಆಮೇಲೆ ಒಗೆಯಿರಿ, ಬಿಸಿಲಿನಲ್ಲಿ ಒಳಮಗ್ಗುಲು ಹೊರಗೆ ಮಾಡಿ ಒಣಹಾಕಿ. ಮಳೆ ಜಾಕೆಟ್ ಮೇಲೆ ನೀರು ಮಣಿಯಾಗಿ ಜಾರದೆ ಹರಡತೊಡಗಿದರೆ, ಒಗೆದು ಪೂರ್ತಿ ಒಣಗಿಸಿ, ಚೀಟಿಯಲ್ಲಿ ಇಸ್ತ್ರಿಗೆ ಅನುಮತಿಯಿದ್ದರೆ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಉಜ್ಜಿ. ನೀರನ್ನು ಜಾರಿಸುವ ಲೇಪ ಹೆಚ್ಚಿನ ಸಲ ಮತ್ತೆ ಚುರುಕಾಗುತ್ತದೆ.

ಚೈನಿನ ಮಸಿ ತಾಗಿದರೆ ಮೊದಲು ನೀರು ಹಾಕಬೇಡಿ, ಉಜ್ಜಲೂ ಬೇಡಿ; ಹರಡುತ್ತದೆ. ಕಾಗದದಿಂದ ಒತ್ತಿ ಮೇಲಿನ ಜಿಡ್ಡು ತೆಗೆಯಿರಿ. ಕಲೆಯ ಕೆಳಗೆ ಹಳೆ ಪತ್ರಿಕೆ ಮಡಚಿಟ್ಟು, ಪಾತ್ರೆ ತೊಳೆಯುವ ದ್ರವ ಎರಡು ಹನಿ ನೇರವಾಗಿ ಒಣ ಬಟ್ಟೆಯ ಮೇಲೆಯೇ ಹಾಕಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಬಟ್ಟೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಹದಿನೈದು ನಿಮಿಷ ಬಿಟ್ಟು ಬೆಚ್ಚನೆ ನೀರಿನಲ್ಲಿ ತೊಳೆಯಿರಿ. ನೆರಳು ಉಳಿದಿದ್ದರೆ ಮತ್ತೊಮ್ಮೆ. ಕಲೆ ಪೂರ್ತಿ ಹೋಗುವವರೆಗೆ ಆ ಪ್ಯಾಂಟನ್ನು ಇಸ್ತ್ರಿಯವರಿಗೆ ಕೊಡಬೇಡಿ. ಬಿಸಿ ತಾಗಿದ ಮಸಿ ಎಳೆಗೆ ಕಚ್ಚಿತೆಂದರೆ ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ.